ಸುಮ್ಮಾಳು

ಹಲಗಣ್ಣ ಬೆಳಿಗ್ಗೆ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬಂದನೆಂದರೆ, ಹಿಂದಿನ ಸಂಜೆ ನಾನು ಲೆಕ್ಕ ಕಲಿತಿದ್ದೇನೆ ಎಂದು ಬಿಳಿಮಣ್ಣಿನ ಗುಡ್ಡದವರಿಗೆಲ್ಲ ಗೊತ್ತಾಗುತ್ತಿತ್ತು.

"ಏನ್ ಓದಿದ್ಯೋ ನಿನ್ನೆ?" ಎಂದು ಅವನು ಗುದ್ದಲಿಯನ್ನು ನೆಲಕ್ಕೂರಿ ಕೇಳುತ್ತಿದ್ದ. "ತಟ್ಟೆ ಮುಂದೆ ಕೂತಂಗೇ ನಿದ್ದೆ ಹತ್ತಿಬಿಡ್ತು. ನಿಮ್ಮ ಅತ್ತಿಗೆ ಕೈಲಿ ಬೈಸ್ಕೊಂಡೆ."

"ಕಾಲು, ಮುಕ್ಕಾಲು ಕೂಡಿಸೋದು ಹಲಗಣ್ಣ."

"ಕೂಡಿಸಿದ್ರೆ ಎಷ್ಟಾಯ್ತದೆ?"

"ಒಂದು."

"ಥೂ! ಬರೀ ಒಂದು ಮಾಡೋಕೆ ನನ್ನ ತಲೆ ಇಷ್ಟು ಸಿಡೀಬೇಕಾ ಮೇಷ್ಟ್ರೆ?"

ನಾನು ಮೇಷ್ಟ್ರಲ್ಲ. ಅವಲಕ್ಕಿ ಮಿಲ್ಲಿನ ಹಿಂದಿನ ಕೋಣೆಯಲ್ಲಿ ನಡೆಯುವ ಸಂಜೆ ತರಗತಿಗೆ ಹೋಗುವವನು, ಅಷ್ಟೆ. ಆದರೆ ನನ್ನ ಓದಿನ ಆಯಾಸವನ್ನೆಲ್ಲ ಹೊರುತ್ತಿದ್ದವನು ಹಲಗಣ್ಣ. ಆ ಹೆಸರಿಟ್ಟು ಕರೆಯುವ ಹಕ್ಕು ಅವನಿಗಿತ್ತು.

ನಮ್ಮೂರಲ್ಲಿ ಯಾರ ದುಡಿಮೆಯ ದಣಿವೂ ಅವರಿಗೇ ಆಗುವುದಿಲ್ಲ. ಜೊತೆಯಲ್ಲಿ ದುಡಿಯುವವರಿಗೆ ಆಗುತ್ತದೆ. ನಾನು ಮಣ್ಣು ತುಂಬಿದ ಮಂಕರಿ ಎಳೆದರೆ ಹಲಗಣ್ಣನ ತೋಳು ಸೋಲುತ್ತದೆ, ಅವನು ಗುದ್ದಲಿ ಬೀಸಿದರೆ ನನ್ನ ಭುಜ ಬಿದ್ದುಹೋಗುತ್ತದೆ. ಹಾಗಾಗಿ ಯಾರಿಗೂ ತಾನು ಎಷ್ಟು ದುಡಿದೆನೆಂದು ತಾನಾಗಿ ತಿಳಿಯುವುದಿಲ್ಲ. "ಸಾಕು ಕೂತ್ಕೋ, ನಂಗೆ ಸುಸ್ತಾಯ್ತು" ಎಂದು ಜೊತೆಯವನು ಹೇಳಬೇಕು. ಮದುವೆ ಮನೆಯಲ್ಲಿ ಹುಡುಗರು ಕುಣಿದರೆ ಮರುದಿನ ಬೇರೆ ಬೇರೆ ಕೇರಿಗಳಿಂದ ಮೊಣಕಾಲು ಹಿಡಿದುಕೊಂಡು ಬೈಯುತ್ತಾ ಬರುವವರಿರುತ್ತಾರೆ. ಬೀದಿಯಲ್ಲಿ ಸಿಕ್ಕವರನ್ನು ನಾವು ಹೇಗಿದ್ದೀಯ ಎಂದು ಕೇಳುವುದಿಲ್ಲ. "ನಿನ್ನ ಸುಮ್ಮಾಳು ಹೆಂಗವ್ನೆ?" ಎಂದು ಕೇಳುತ್ತೇವೆ.

ಸುಮ್ಮಾಳು ಎಂದರೆ ಜೊತೆಯಲ್ಲಿ ದುಡಿಯುವವನು. ಬೆಳಗಿನಿಂದ ಸಂಜೆಯವರೆಗೆ ಮೈಮುರಿಯುವವನಿಗೆ ಸುಮ್ಮನಿರುವ ಆಳು ಎಂಬ ಹೆಸರೇಕೆ ಬಂತೆಂದು ನಾನು ಯೋಚಿಸಿರಲೇ ಇಲ್ಲ. ಯೋಚಿಸುವಂತೆ ಮಾಡಿದವರು ಸಂಜೆ ತರಗತಿಯ ವಸುಂಧರಾ ಮೇಡಂ. ಅವರು ಹೊರಗಿನಿಂದ ಬಂದವರು. ಪಾಠ ಮಾಡಿ ತಾವೇ ಆಕಳಿಸುತ್ತಾರೆ. ಅದನ್ನು ನೋಡಲೆಂದೇ ಮೊದಲ ವಾರ ತರಗತಿ ತುಂಬಿತ್ತು. ಊರಿನ ಮಾತೊಂದನ್ನು ಆರಿಸಿ, ಅದರ ಅರ್ಥವೇನು, ಅದು ಹೇಗೆ ಹುಟ್ಟಿತು ಎಂದು ಹಲಗೆಯ ಮೇಲೆ ಬರೆದು ಎಲ್ಲರಿಗೂ ಹೇಳಬೇಕೆಂದು ಅವರು ನಮಗೆ ಹೇಳಿದರು. ನಾನು ಈ ಮಾತನ್ನು ಆರಿಸಿದೆ. ಆರಿಸಿದ ಗಳಿಗೆಯಿಂದಲೇ ತಪ್ಪು ಆರಿಸಿದೆನೇನೋ ಎಂಬ ಕಳವಳ ಶುರುವಾಯಿತು.

ಗುಡ್ಡದ ಮೇಸ್ತ್ರಿ ತಮ್ಮಡಪ್ಪನನ್ನು ಕೇಳಿದೆ. "ಸುಮ್ಮಯ್ಯ ಅಂತ ಒಬ್ಬ ಇದ್ದ, ಮೊದಲು ಜೊತೆ ಕಟ್ಟಿದೋನು ಅವನೇ" ಎಂದ. ಯಾವಾಗ ಇದ್ದ ಎಂದರೆ, "ನಾನೇನು ಅವನ ತೊಟ್ಟಿಲು ತೂಗಿದ್ನಾ? ಹೋಗಿ ಮಣ್ಣೆತ್ತು" ಎಂದ. ಹಲಗಣ್ಣನ ಹೆಂಡತಿ ರಾಚಕ್ಕನನ್ನು ಕೇಳಿದೆ. "ನಿನ್ನ ಜೊತೆಯೋನು ಮನೇಲಿ ಯಾವ ಕೆಲಸ ಹೇಳಿದ್ರೂ ಸುಮ್ಮನೇ ಕೂತಿರ್ತಾನೆ. ಅದಕ್ಕೇ ಸುಮ್ಮಾಳು" ಎಂದು ನಕ್ಕಳು. ಕೊನೆಗೆ ಗುಡ್ಡದ ಬುಡದಲ್ಲಿ ಮಜ್ಜಿಗೆ ಮಾರುವ ಈರಜ್ಜಿಯ ಹತ್ತಿರ ಕೂತೆ. ಅವಳ ಸುಮ್ಮಾಳು ಸತ್ತು ಬಹಳ ಕಾಲವಾಗಿತ್ತು. ನಮ್ಮೂರಲ್ಲಿ ತನ್ನ ದಣಿವನ್ನು ತಾನೇ ಪಡುವವರು ಅಂಥವರು ಮಾತ್ರ.

"ಮಾತಿನ ಹುಟ್ಟು ನಂಗೊತ್ತಿಲ್ಲ ಮಗ" ಎಂದಳು ಅಜ್ಜಿ. "ನನ್ನ ಜೊತೆಯೋಳು ಗೌರಿ ಹೋದಾಗ ನಾನು ರಾಗಿ ಬೀಸ್ತಾ ಕೂತಿದ್ದೆ. ಅವಳು ತವರಲ್ಲಿ ಮಲಗಿದ್ಲು. ಇದ್ದಕ್ಕಿದ್ದಂಗೆ ನನ್ನ ಕೈ ನಂಗೇ ಸೋತು ಬಂತು. ಯಾರೋ ಮೂಟೆ ತಂದು ಹೆಗಲಿಗೆ ಹಾಕಿದಂಗೆ. ಯಾರೂ ಬಂದು ಹೇಳೋದೇ ಬೇಕಾಗ್ಲಿಲ್ಲ. ಬೀಸೋದು ಬಿಟ್ಟು ಅಳೋಕೆ ಶುರು ಮಾಡ್ದೆ."

ಮಾತಿನ ಹುಟ್ಟು ಸಿಗಲಿಲ್ಲ. ಸಿಗಲಿಲ್ಲವಲ್ಲ ಎಂಬ ಯೋಚನೆ ಮಾತ್ರ ಬೆಳೆಯಿತು. ನನ್ನ ಸ್ವಭಾವವೇ ಹಾಗೆ. ಬಿಲದ ಬಾಯಲ್ಲಿ ಕೂತು ಮಂಕರಿಯ ಹಗ್ಗವನ್ನು ನೋಡಿದ್ದೇ ನೋಡುವುದು, ಗಂಟನ್ನು ಬಿಚ್ಚಿ ಮತ್ತೆ ಹಾಕುವುದು. ಬಿಲ ಎಂದರೆ ಬಿಳಿಮಣ್ಣಿಗಾಗಿ ಗುಡ್ಡದ ಬದಿಗೆ ಕೊರೆದ, ಒಬ್ಬ ಬಗ್ಗಿ ಹೋಗಬಹುದಾದ ದಾರಿ. ಒಳಗೆ ಹಲಗಣ್ಣ ಅಗೆಯುತ್ತಿದ್ದ, ಹೊರಗೆ ನಾನು ಎಳೆಯುತ್ತಿದ್ದೆ. ಊರಿನ ಗೋಡೆಗಳೆಲ್ಲ ಬೆಳ್ಳಗಿರುವುದು ಆ ಮಣ್ಣಿನಿಂದ.

"ಲೋ, ಮತ್ತೇನೋ ಯೋಚ್ನೆ ಮಾಡ್ತಾ ಇದ್ದೀಯ" ಎಂದು ಒಳಗಿನಿಂದ ಕೂಗುತ್ತಿದ್ದ. "ನನ್ನ ಎದೆ ಸೋತೋಗ್ತಾ ಐತೆ. ನೀನು ಮಂಕರಿ ಎಳೆಯೋದೇ ವಾಸಿ ಕಣೋ. ನಿನ್ನ ಯೋಚ್ನೆ ಹೊರೋಕೆ ಇನ್ನೊಬ್ಬ ಆಳು ಬೇಕು!"

ಆ ದಿನ ನಾನು ಯೋಚಿಸುತ್ತಿದ್ದದ್ದು ಬಿಲದ ಮೇಲಿನ ದಿಬ್ಬದ ಬಗ್ಗೆ. ಅಲ್ಲೊಂದು ಬಿರುಕು ಕಂಡಿತ್ತು. ಬೆರಳು ಹೋಗುವಷ್ಟು ಅಗಲ. ನಾನು ಹೇಳಿದೆ. ಹಲಗಣ್ಣ ಹತ್ತಿ ನೋಡಿ, ಅದರಲ್ಲಿ ಒಂದು ಕಡ್ಡಿ ಸಿಕ್ಕಿಸಿ, "ಕಡ್ಡಿ ಬಿದ್ದರೆ ಕೂಗು" ಎಂದು ಒಳಗೆ ಹೋದ. ನಾನು ಮಂಕರಿ ಎಳೆಯುತ್ತಾ ಕಡ್ಡಿಯನ್ನು ನೋಡುತ್ತಾ ಕೂತೆ. ನನ್ನ ಎರಡೂ ಭುಜಗಳಲ್ಲಿ ಅವನ ಗುದ್ದಲಿಯ ದಣಿವು ಎಂದಿನಂತೆ ಏರುತ್ತಿತ್ತು.

ಕಡ್ಡಿ ಬೀಳಲಿಲ್ಲ. ಕಡ್ಡಿಯೂ ಬಿರುಕೂ ಇದ್ದ ಹಾಗೇ ಇದ್ದವು. ಅದರ ಕೆಳಗೆ, ಬಿಲದ ನೆತ್ತಿಯೇ ಕಳಚಿ ಕೂತಿತು. ದೊಡ್ಡ ಸದ್ದೇನೂ ಆಗಲಿಲ್ಲ. ಹಿಟ್ಟಿನ ಮೂಟೆಯನ್ನು ನೆಲಕ್ಕೆ ಹಾಕಿದಂತೆ ಒಂದು ಸದ್ದು, ಬಿಲದ ಬಾಯಿಂದ ಬಿಳಿ ಧೂಳು, ನನ್ನ ಕೈಯಲ್ಲಿ ಸಡಿಲವಾದ ಹಗ್ಗ.

ನಾನು ಕೂಗಿಕೊಂಡೆನೋ ಇಲ್ಲವೋ ನೆನಪಿಲ್ಲ. ಗುದ್ದಲಿ ಕೈಗೆ ಬಂದಿತ್ತು. ಅಗೆದೆ. ಮಣ್ಣನ್ನು ಕಾಲ ನಡುವೆ ಹಿಂದಕ್ಕೆ ಎಳೆದು ಮತ್ತೆ ಅಗೆದೆ. ಅಕ್ಕಪಕ್ಕದ ಬಿಲಗಳವರು ಓಡಿಬಂದರು. ತಮ್ಮಡಪ್ಪ ಸಾಲು ನಿಲ್ಲಿಸಿ ಮಣ್ಣು ಸಾಗಿಸತೊಡಗಿದ. ಯಾರೋ ರಾಚಕ್ಕನನ್ನು ಕರೆತಂದರು. ನಾನು ಯಾರಿಗೂ ಜಾಗ ಬಿಡಲಿಲ್ಲ. ನನ್ನ ತೋಳುಗಳು ಎತ್ತಿನ ಕಾಲಿನಂತೆ ಓಡುತ್ತಿದ್ದವು, ನಿಲ್ಲಬೇಕೆಂದೇ ಅನ್ನಿಸುತ್ತಿರಲಿಲ್ಲ. ಅಗೆಯುತ್ತಾ ಅಗೆಯುತ್ತಾ ಒಂದು ಗೊತ್ತಾಯಿತು. ನನ್ನ ಭುಜದಲ್ಲಿ ಏನೂ ಇರಲಿಲ್ಲ. ಅವನು ಒಳಗೆ ಕೈಯಾಡಿಸುತ್ತಿದ್ದರೆ ಅದು ನನಗೆ ಗೊತ್ತಾಗಬೇಕಿತ್ತು. ಆ ಹೆದರಿಕೆಗೆ ಇನ್ನೂ ಜೋರಾಗಿ ಬೀಸಿದೆ.

ಹಿಂದಿನಿಂದ ಯಾರೋ ನನ್ನ ಗುದ್ದಲಿಯ ಕಾವನ್ನು ಹಿಡಿದರು. ಈರಜ್ಜಿ.

"ಬಿಡು ಅಜ್ಜಿ!"

"ಯಾರ ಉಸಿರು ತಗೊಂಡು ಅಗೀತಾ ಇದ್ದೀಯೋ?" ಎಂದಳು. ಅವಳಿಗೇ ಏದುಸಿರು ಬರುತ್ತಿತ್ತು. "ನೀನು ಬೀಸೋ ಒಂದೊಂದು ಏಟಿನ ದಣಿವೂ ಎಲ್ಲಿಗೆ ಹೋಗ್ತಾ ಐತೆ, ಹೇಳು. ಅವನಿಗೆ ಅಲ್ಲಿ ಎಷ್ಟು ಗಾಳಿ ಐತೆ?"

ಸುತ್ತ ಇದ್ದವರೆಲ್ಲ ನಿಂತುಬಿಟ್ಟರು. ಹುಟ್ಟಿದಾಗಿನಿಂದ ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಜೊತೆಯವನು ಕಷ್ಟದಲ್ಲಿದ್ದರೆ ಮೊದಲು ಕೈ ಹಾಕಬೇಕಾದವನು ಸುಮ್ಮಾಳು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಬಾವಿಗೆ ಬಿದ್ದವನನ್ನು ಎಳೆದವನು ಸುಮ್ಮಾಳು, ಬೆಂಕಿಗೆ ನುಗ್ಗಿದವನು ಸುಮ್ಮಾಳು ಎಂದೇ ನಾವು ಕೇಳಿ ಬೆಳೆದದ್ದು. ನಾನು ಗುದ್ದಲಿ ಬಿಟ್ಟೆ. ಹೊಂಗೆ ಮರದ ಕೆಳಗೆ ಹೋಗಿ ಕೂತೆ.

ಬೇರೆಯವರು ಅಗೆಯತೊಡಗಿದರು. ಆದರೆ ತಮ್ಮಡಪ್ಪ ಮೇಲೆ ಹತ್ತಿ ಬಿರುಕನ್ನು ನೋಡಿ ಬಂದವನು ಎಲ್ಲರನ್ನೂ ನಿಲ್ಲಿಸಿದ. ಬಿರುಕು ಈಗ ಅಂಗೈ ಅಗಲವಾಗಿತ್ತು. ಅವನು ನನ್ನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ.

"ಚಿಕ್ಕೀರ, ಸರಿಯಾಗಿ ಕೇಳಿಸ್ಕೋ. ದಿಬ್ಬ ಇನ್ನೂ ಕೂರೋ ಹಂಗೈತೆ. ಅವನು ಬದುಕಿದ್ರೆ ನಾವು ಹೆಂಗಿದ್ರೂ ನುಗ್ತೀವಿ, ಆಗಿದ್ದಾಗ್ಲಿ. ಹೋಗಿಬಿಟ್ಟಿದ್ರೆ ನನ್ನ ಹುಡುಗರನ್ನ ಅದರ ಕೆಳಗೆ ನಿಲ್ಲಿಸಕ್ಕಿಲ್ಲ. ಮೇಲಿಂದ ದಿಬ್ಬ ಇಳಿಸಿ, ನಾಳೆ ತೆಗೀತೀವಿ. ನಿನಗೆ ಅವನ ದಣಿವು ಬರ್ತಾ ಐತಾ?"

"ಇಲ್ಲ" ಎಂದೆ. ಸುಳ್ಳು ಹೇಳಬಹುದಿತ್ತು. ಬಾಯಿ ತಿರುಗಲಿಲ್ಲ.

ರಾಚಕ್ಕ ನೆಲದ ಮೇಲೆ ಕುಸಿದಳು. ಮರುಗಳಿಗೆಯೇ ಎದ್ದಳು. "ಬರದಿದ್ರೆ ಏನಾಯ್ತು? ಕೈಕಾಲು ಸಿಕ್ಕಿಹಾಕ್ಕೊಂಡಿರ್ತವೆ. ಅಲ್ಲಾಡೋಕೆ ಆಗದೆ ಇರ್ತದೆ."

"ಇರಬಹುದು ತಾಯಿ" ಎಂದ ತಮ್ಮಡಪ್ಪ. ಆಮೇಲೆ ನನ್ನ ಮುಂದೆ ಒಂದು ಕಲ್ಲು ತಂದಿಟ್ಟ. ತೆಂಗಿನಕಾಯಿಯ ಎರಡರಷ್ಟು ಗಾತ್ರದ್ದು. "ಇದನ್ನ ತಲೆ ಮೇಲಕ್ಕೆ ಎತ್ತು, ಇಳಿಸು. ನಿಂಗೆ ಸುಸ್ತಾಯ್ತಾ ನೋಡು. ನಿನ್ನ ದಣಿವು ನಿಂಗೇ ಬಂದ್ರೆ ಅವನಿಲ್ಲ. ಬರದಿದ್ರೆ ಅವನವ್ನೆ. ಈರಜ್ಜಿಗೆ ಆಗಿದ್ದು ಎಲ್ರಿಗೂ ಗೊತ್ತು."

"ಎತ್ತು" ಎಂದಳು ರಾಚಕ್ಕ. "ಎತ್ತು ಮೈದ, ನಿನ್ನ ಕಾಲಿಗೆ ಬೀಳ್ತೀನಿ." ಕಲ್ಲಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವಳೇ ನನ್ನ ಮಣಿಕಟ್ಟನ್ನು ಹಿಡಿದಳು. "ಬೇಡ. ಬೇಡ, ಎತ್ತಬೇಡ. ಇದ್ರೆ? ಒಂದೇ ಗುಟುಕು ಗಾಳಿ ಉಳಿದಿದ್ರೆ?"

ಅವಳ ಉಗುರು ನನ್ನ ಚರ್ಮಕ್ಕೆ ಇಳಿದಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎತ್ತಿದರೆ ಅವನಿಗೆ ಕುತ್ತು, ಎತ್ತದಿದ್ದರೆ ಯಾರೂ ನುಗ್ಗುವುದಿಲ್ಲ. ಅಗೆಯುವಾಗ ನನಗೆ ಸುಸ್ತಾಗಿರಲಿಲ್ಲ, ಹಾಗಾದರೆ ಆಗ ಇದ್ದ. ಆದರೆ ಅದು ಆಗಿನ ಮಾತು. ಈಗ? ನಾನೇ ಅಗೆದು ಅಗೆದು ಅವನನ್ನು ಮುಗಿಸಿದ್ದರೆ? ತಮ್ಮಡಪ್ಪನ ಹುಡುಗರ ಮೇಲೆ ದಿಬ್ಬ ಕೂತರೆ ಅವರ ಮನೆಯವರಿಗೆ ಏನು ಹೇಳಲಿ? ರಾಚಕ್ಕನ ಮುಖವನ್ನು ಹೇಗೆ ನೋಡಲಿ? ಬಿರುಕನ್ನು ಕಂಡ ಮೇಲೂ ಅವನನ್ನು ಒಳಗೆ ಹೋಗಲು ಬಿಟ್ಟೆನಲ್ಲ! ತಲೆ ಗಿರಣಿಯ ಚಕ್ರದ ಹಾಗೆ ತಿರುಗುತ್ತಿತ್ತು. ಎದೆ ಬಡಿದುಕೊಳ್ಳುತ್ತಿತ್ತು. ಹುಟ್ಟಿದಾಗಿನಿಂದ ಪಟ್ಟ ಯೋಚನೆಗಳನ್ನೆಲ್ಲ ಒಟ್ಟು ಹಾಕಿದರೂ ಇಷ್ಟಾಗಲಿಕ್ಕಿಲ್ಲ.

ಆಗ ಗಮನಿಸಿದೆ. ನನ್ನ ಮೈ ಹತ್ತಿಯ ಹಾಗೆ ಹಗುರವಾಗಿತ್ತು.

ಇಷ್ಟು ಹೆದರಿಕೆಗೆ ಒಬ್ಬ ಮನುಷ್ಯ ನೆಲಕ್ಕೆ ಒರಗಬೇಕು. ವಸುಂಧರಾ ಮೇಡಂ ತಮ್ಮ ಮಗುವಿಗೆ ಜ್ವರ ಬಂದಾಗ ಕುರ್ಚಿಯಲ್ಲಿ ಕೂರಲೂ ಆಗದೆ ಗೋಡೆಗೆ ಆನಿಕೊಂಡದ್ದನ್ನು ನಾನು ಕಂಡಿದ್ದೆ. ನಾನೋ, ಎದ್ದು ಊರು ಸುತ್ತಿ ಬರಬಲ್ಲವನ ಹಾಗೆ ಕೂತಿದ್ದೆ. ಕಲ್ಲನ್ನು ಎತ್ತುವುದೇ ಬೇಕಿರಲಿಲ್ಲ. ಭಯದ ಕಲ್ಲನ್ನು ಆಗಿನಿಂದ ಎತ್ತಿಕೊಂಡೇ ಇದ್ದೆ.

"ಅವನವ್ನೆ" ಎಂದೆ.

"ಹೆಂಗೆ ಹೇಳ್ತೀಯ?" ಎಂದ ತಮ್ಮಡಪ್ಪ.

"ನನಗೆ ಜೀವ ಹೋಗುವಷ್ಟು ಭಯ ಆಗೈತೆ ಮೇಸ್ತ್ರಿ. ಆದರೂ ದಣಿದಿಲ್ಲ."

ತಮ್ಮಡಪ್ಪ ನನ್ನ ಮುಖವನ್ನು ನೋಡಿದ. ಅವನಿಗೂ ಒಬ್ಬ ಸುಮ್ಮಾಳಿದ್ದ, ಹಲಗಣ್ಣನ ಗೊಣಗಾಟವನ್ನು ಅವನೂ ಕೇಳಿದ್ದ. ತಲೆಯ ಬಟ್ಟೆಯನ್ನು ಬಿಗಿದು, "ಬನ್ರೋ" ಎಂದು ತಾನೇ ಮುಂದಾಗಿ ದಿಬ್ಬದ ಕೆಳಗೆ ಹೋದ. ಮಿಕ್ಕವರು ಹಿಂದೆ ಹೋದರು.

ಹೋದ ಮೇಲೆ ನನಗೆ ಉಳಿದದ್ದು ಅರ್ಥವಾಯಿತು. ಅವನು ಇದ್ದಾನೆಂದು ತಿಳಿಸಿದ ಅದೇ ಭಯ ಅವನ ಎದೆಯ ಮೇಲೆ ಕೂತಿದೆ. ನಾನು ಕೈ ಕಟ್ಟಿಕೊಂಡರೆ ಸಾಲದು. ಭಯಪಡುವುದನ್ನೂ ಬಿಡಬೇಕು.

ಯಾರಿಗಾದರೂ ಆಗುವ ಕೆಲಸವೇ ಅದು? ಅದರಲ್ಲೂ ನನಗೆ? ಕಣ್ಣು ಮುಚ್ಚಿದೆ, ಬಿಲ ಕಂಡಿತು. ದೇವರನ್ನು ನೆನೆದೆ, ನೆನೆಯುತ್ತಲೇ ಬೇಡತೊಡಗಿದೆ, ಬೇಡುವುದೂ ದಣಿವೇ. ಮಗ್ಗಿ ಹೇಳಿಕೊಂಡೆ, ಅವನ ತಲೆ ಸಿಡಿಯುವುದು ನೆನಪಾಗಿ ನಿಲ್ಲಿಸಿದೆ. ಯೋಚಿಸಬಾರದು ಎಂದು ಯೋಚಿಸುತ್ತಿರುವೆನಲ್ಲ ಎಂದು ಮತ್ತೆ ಎದೆ ಹಾರಿತು. ಅಗೆಯುವವರ ಒಂದೊಂದು ಸದ್ದಿಗೂ ನಾನು ಬಿಲದ ಕಡೆ ತಿರುಗುತ್ತಿದ್ದೆ. ಕೊನೆಗೆ ಬಿಲಕ್ಕೆ ಬೆನ್ನು ಹಾಕಿ ಹೊಂಗೆಯ ನೆರಳಲ್ಲಿ ಮಲಗಿಬಿಟ್ಟೆ.

"ನೋಡ್ರಿ! ನೋಡ್ರಿ ಇವನ್ನ!" ರಾಚಕ್ಕನ ಕೂಗು ಕೇಳಿತು. "ಬೆನ್ನು ತಿರುಗಿಸಿ ಮಲಗ್ತಾನೆ! ಒಂದೇ ತಟ್ಟೇಲಿ ಉಂಡೋನು! ನಿನ್ನ ಓದೆಲ್ಲ ಹೊತ್ತನಲ್ಲೋ ಅವನು, ನಿನ್ನ ಹಾಳು ಓದನ್ನ!"

ಈರಜ್ಜಿ ಅವಳನ್ನು ಅಪ್ಪಿ ಹಿಡಿದುಕೊಂಡು ಏನೋ ಹೇಳುತ್ತಿದ್ದಳು. ಎದ್ದು ರಾಚಕ್ಕನಿಗೆ ವಿವರಿಸಬೇಕು ಅನ್ನಿಸಿತು. ನಾನು ಅಂಥವನಲ್ಲ ಎಂದು ಹೇಳಬೇಕು ಅನ್ನಿಸಿತು. ಅದನ್ನೂ ಬಿಟ್ಟೆ. ಹೇಳದೆ ಉಳಿಯುವುದು ಮಂಕರಿ ಎಳೆಯುವುದಕ್ಕಿಂತ ಕಷ್ಟವಿತ್ತು, ಆದರೆ ಬಿಟ್ಟ ಮೇಲೆ ಏನೋ ಒಂದು ಸಡಿಲವಾಯಿತು.

ಎದುರಿಗೆ ಯಾರದೋ ಮೇಕೆ ಕಟ್ಟಿತ್ತು. ಅದು ಮೆಲುಕು ಹಾಕುತ್ತಿತ್ತು. ಕೆಳದವಡೆ ಎಡಕ್ಕೆ ಹೋಗಿ ಬಲಕ್ಕೆ ಬರುತ್ತಿತ್ತು, ಗಂಟಲಲ್ಲಿ ಒಂದು ಉಂಡೆ ಇಳಿಯುತ್ತಿತ್ತು, ಸ್ವಲ್ಪ ಹೊತ್ತಿಗೆ ಇನ್ನೊಂದು ಏರುತ್ತಿತ್ತು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ನಾನು ಅದರ ದವಡೆಯನ್ನು ನೋಡಿದೆ. ಒಳ್ಳೆಯದಾಗಲಿ ಎಂದಾಗಲೀ ಕೆಟ್ಟದ್ದಾಗದಿರಲಿ ಎಂದಾಗಲೀ ಅಂದುಕೊಳ್ಳದೆ ಸುಮ್ಮನೆ ನೋಡಿದೆ. ಎಷ್ಟು ಹೊತ್ತು ನೋಡಿದೆನೋ ಹೇಳಲಾರೆ. ರಾಚಕ್ಕನ ದನಿ, ಗುದ್ದಲಿಯ ಸದ್ದು ಎಲ್ಲವೂ ಇದ್ದವು, ಮೇಕೆಯ ಕೊರಳಿನ ಗಂಟೆಯ ಹಾಗೆ.

ಆಗ ನನ್ನ ಎಡಗೈಯ ಬೆರಳುಗಳಲ್ಲಿ ಏನೋ ಬಂತು.

ಮೊದಲು ಜೋಮು ಅಂದುಕೊಂಡೆ. ಅದು ಮಣಿಕಟ್ಟಿಗೆ ಏರಿತು, ಮೊಣಕೈಗೆ ಬಂತು. ಕೆರೆದು ಕೆರೆದು ಸೋತ ಕೈಯ ದಣಿವು. ನಿಂತಿತು. ಮತ್ತೆ ಬಂತು. ಎದ್ದು ಕುಣಿಯಬೇಕೆನ್ನಿಸಿತು. ಎದ್ದಿದ್ದರೆ ಆ ಸಂತೋಷದ ಆಯಾಸವೂ ಅವನಿಗೇ ಹೋಗುತ್ತಿತ್ತು. ಮಲಗಿದ್ದಲ್ಲಿಂದಲೇ, ಮೇಕೆಯ ಮೇಲಿನ ಕಣ್ಣು ತೆಗೆಯದೆ, "ಅಜ್ಜಿ" ಎಂದೆ.

"ಏನ್ ಮಗ?"

"ಎಡಗೈಲಿ ಮಣ್ಣು ಕೆರೀತಾ ಅವ್ನೆ. ಎಡಗೈ ಮಾತ್ರ, ಭುಜ ಸೋಲ್ತಾ ಐತೆ. ಮೇಲಕ್ಕೆ ಚಾಚವ್ನೆ. ಗುದ್ದಲಿ ಬಿಟ್ಟು ಕೈಲಿ ತೋಡೋಕೆ ಹೇಳು."

ಈರಜ್ಜಿ ಆ ವಯಸ್ಸಿನಲ್ಲೂ ಓಡಿದಳು. ಗುದ್ದಲಿಗಳು ನಿಂತವು. ಆಮೇಲೆ ಬರೀ ಕೈಗಳ ಸದ್ದು, ಮಣ್ಣು ಉದುರುವ ಸದ್ದು. ರಾಚಕ್ಕನ ಕೂಗು ನಿಂತುಹೋಗಿತ್ತು. ಅವಳು ಬಂದು ನನ್ನ ತಲೆಯ ಹತ್ತಿರ ಕೂತು ಸೆರಗಿನಿಂದ ನನಗೆ ಗಾಳಿ ಹಾಕತೊಡಗಿದಳು. ನನ್ನ ಎಡಗೈ ಬೆಂದುಹೋಗುತ್ತಿತ್ತು. ಆ ದಣಿವನ್ನು ಪೂರ್ತಿ ಒಳಗೆ ಬರಲು ಬಿಟ್ಟೆ. ಎಷ್ಟು ಬೇಕಾದರೂ ಬರಲಿ, ಜಾಗವಿದೆ ಎಂಬ ಹಾಗೆ.

"ಬೆರಳು! ಬೆರಳು ಕಂಡ್ತು!" ಎಂದು ತಮ್ಮಡಪ್ಪ ಅರಚಿದ.

ಹಲಗಣ್ಣನನ್ನು ಎಳೆದು ತಂದು ನನ್ನ ಪಕ್ಕದಲ್ಲೇ ಮಲಗಿಸಿದರು. ಆಗತಾನೆ ಸುಣ್ಣ ಬಳಿದ ಗೋಡೆಯ ಹಾಗಿದ್ದ. ರೆಪ್ಪೆ, ಹಲ್ಲು ಎಲ್ಲ ಬಿಳಿ. ಬಲಗೈ ಊದಿತ್ತು. ರಾಚಕ್ಕ ಅವನ ಬಾಯಿಯೊಳಗಿನ ಮಣ್ಣನ್ನು ಬೆರಳಿನಿಂದ ತೆಗೆದು ಹನಿ ಹನಿಯಾಗಿ ಮಜ್ಜಿಗೆ ಬಿಟ್ಟಳು. ಅವನು ಕೆಮ್ಮಿದ, ಉಗಿದ, ಮತ್ತೆ ಕೆಮ್ಮಿದ. ಆಮೇಲೆ ತಲೆಯನ್ನು ನನ್ನ ಕಡೆ ತಿರುಗಿಸಿದ.

"ಲೋ ಮೇಷ್ಟ್ರೆ" ಎಂದ. ದನಿ ಬಿಸಿಲಿಗೆ ಒಣಗಿದ ಎಲೆಯ ಹಾಗಿತ್ತು. "ಗುಡ್ಡಾನಾದ್ರೂ ತಡ್ಕೊಂಡೆ ಕಣೋ. ನಿನ್ನ ಯೋಚ್ನೆ ತಡಿಯೋಕೆ ಆಗ್ಲಿಲ್ಲ."

ಯಾರೋ ನಕ್ಕರು, ನಕ್ಕವರೇ ಅತ್ತರು.

"ಕೈ ಎತ್ತಬೇಕು ಅಂದ್ಕೋತೀನಿ, ಆಗಾಕಿಲ್ಲ. ಬೆರಳೂ ಬರಾಕಿಲ್ಲ. ಇಷ್ಟೇ ಅಂತ ಕಣ್ಣು ಮುಚ್ದೆ. ಆಮೇಲೆ ಇದ್ದಕ್ಕಿದ್ದಂಗೆ ಎದೆ ಮೇಲಿಂದ ಎತ್ತಿ ಇಟ್ಟಂಗಾಯ್ತು. ಏನ್ ಮಾಡ್ದೆ ಅವಾಗ?"

"ಮೇಕೆ ನೋಡ್ದೆ" ಎಂದೆ.

ಅವನು ಮಲಗಿದ್ದಲ್ಲೇ ಕತ್ತು ಹೊರಳಿಸಿ ಮೇಕೆಯನ್ನು ಹುಡುಕಿದ. ಅದು ಇನ್ನೂ ಮೆಲುಕು ಹಾಕುತ್ತಿತ್ತು. "ಒಳ್ಳೆ ಮೇಕೆ" ಎಂದ.

ಆ ವಾರವೇ ತರಗತಿಯಲ್ಲಿ ನನ್ನ ಸರದಿ ಬಂತು. ವಸುಂಧರಾ ಮೇಡಂ ಸುಣ್ಣದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರು. ನಾನು ಹಲಗೆಯ ಮೇಲೆ ಮಾತನ್ನು ಬರೆದೆ. ಕೋಣೆಯಲ್ಲಿದ್ದವರಿಗೆಲ್ಲ ಗುಡ್ಡದ ಸುದ್ದಿ ಗೊತ್ತಿತ್ತು. ಹೇಳಬೇಕಾದದ್ದು ನನ್ನ ಹತ್ತಿರ ಈಗ ಇತ್ತು. ಅದನ್ನು ಜೋಡಿಸಬೇಕು. ಎಲ್ಲಿಂದ ಶುರು ಮಾಡಲಿ, ಈರಜ್ಜಿಯಿಂದಲೋ, ಕಲ್ಲಿನಿಂದಲೋ? ತಪ್ಪಾಗಿ ಹೇಳಿದರೆ? ಹುಬ್ಬು ಗಂಟಿಕ್ಕಿತು. ಅಷ್ಟಕ್ಕೇ ಕಡ್ಡಿಯನ್ನು ಕೆಳಗಿಟ್ಟೆ.

"ಯಾಕೆ ಚಿಕ್ಕೀರ? ಹೇಳಿ, ನಿಧಾನಕ್ಕೆ" ಎಂದರು ಮೇಡಂ.

"ಇವತ್ತು ಬೇಡ ಮೇಡಂ. ಹಲಗಣ್ಣ ಇನ್ನೂ ಮಲಗವ್ನೆ."

ಅವರು ಒಂದು ಗಳಿಗೆ ನನ್ನನ್ನು, ಹಲಗೆಯ ಮೇಲಿದ್ದ ಮಾತನ್ನು ನೋಡಿದರು. ಒರೆಸುವ ಬಟ್ಟೆಯನ್ನು ಎತ್ತಿಕೊಂಡವರು ಒರೆಸದೆ ಹಾಗೇ ಇಟ್ಟರು.

ನಾನು ನನ್ನ ಜಾಗಕ್ಕೆ ಬಂದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಬಲಭುಜದಲ್ಲಿ ಸಣ್ಣದೊಂದು ದಣಿವು ಎದ್ದು ಇಳಿಯಿತು. ಅಲ್ಲಿ ಮನೆಯಲ್ಲಿ ಹಲಗಣ್ಣ ಮಗ್ಗುಲು ಬದಲಿಸಿದ್ದ.